ಐವತ್ತೆಂಟನೆಯ ಜೋಡಿ

ಮಂಗಳವಾರ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಹಿಂದಿನಿಂದ, "ಸ್ವಲ್ಪ ಅಲ್ಲಾಡಿ ಚೇಚಿ, ಮುಂದೆ ಫುಟ್‌ಬಾಲ್ ಆಡೋವಷ್ಟು ಜಾಗ ಇದೆ" ಎಂದು ಕೂಗಿದಾಗ, ತನ್ನ ಗುಟ್ಟು ತಿಳಿದವರು ಯಾರೋ ಬೇಕೆಂದೇ ಚುಚ್ಚಿದರೇನೋ ಅನ್ನಿಸಿ ಜಲಜಳ ಮುಖ ಬಿಸಿಯಾಯಿತು. ಆಸ್ಪತ್ರೆಯಲ್ಲಿ ಗಾಜಿನ ಆಚೆ, ಮಿದುಳಿನ ಚಿತ್ರ ತೆಗೆಯುವ ಯಂತ್ರದ ಸುರಂಗದಲ್ಲಿ ಮಲಗಿದವರಿಗೆ ಮೈಕಿನಲ್ಲಿ "ಅಲ್ಲಾಡಬೇಡಿ" ಎಂದು ಹೇಳುವುದು ಅವಳ ಕೆಲಸ. ಹತ್ತೊಂಬತ್ತು ವರ್ಷಗಳಲ್ಲಿ ಅವಳು ಬೇರೆ ಮನುಷ್ಯರ ಜೊತೆ ಆಡಿದ ಮಾತಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದೊಂದೇ ಇರಬೇಕು. ವಟ್ಟಿಯೂರ್ಕಾವಿನ ಮಹಡಿಮನೆಯಲ್ಲಿ ಆಡುವುದಕ್ಕೆ ಮಾತೂ ಇಲ್ಲ, ಕೇಳುವುದಕ್ಕೆ ಕಿವಿಯೂ ಇಲ್ಲ. ಗಂಡ ಅನ್ನಿಸಿಕೊಂಡವನು ಕೊಲ್ಲಂನಲ್ಲಿ ಬೇರೊಬ್ಬಳ ಜೊತೆ ಸುಖವಾಗಿದ್ದಾನೆ. ಅದರ ಬಗ್ಗೆ ಅವಳಲ್ಲಿ ಈಗ ಸಿಟ್ಟೂ ಉಳಿದಿಲ್ಲ, ಸಿಟ್ಟಾದರೂ ಇದ್ದಿದ್ದರೆ ಸಂಜೆಯ ಹೊತ್ತು ಜೊತೆಗಿರುತ್ತಿತ್ತು. ಎರಡು ಹೆಜ್ಜೆ ಮುಂದೆ ಸರಿದು ಕಂಬಿ ಹಿಡಿದಳು. ಹಿಡಿದ ಕೈ ನಡುಗುತ್ತಿದೆಯೇ ಎಂದು ನೋಡಿಕೊಂಡಳು. ಅವಳ ವಿಭಾಗದವರಿಗೆಲ್ಲ ಅಂಟಿದ ಚಟ ಅದು. ತಮ್ಮ ಕೈ ನೋಡಿಕೊಂಡಾದ ಮೇಲೆ ಅದೇ ಕಂಬಿ ಹಿಡಿದ ಬೇರೆಯವರ ಕೈಗಳನ್ನೂ ಒಂದೊಂದಾಗಿ ನೋಡುತ್ತಾರೆ.

ಶನಿವಾರ ಅವಳು ಒಂದು ಕಾಗದಕ್ಕೆ ಸಹಿ ಹಾಕಿದ್ದಳು, ಮಾಡದ ತಪ್ಪನ್ನು ಮಾಡಿದ್ದೇನೆಂದು. ಭಾನುವಾರ ಮೀನು ತೊಳೆಯುವಾಗಲೂ ಸೋಮವಾರ ಸೀರೆಗೆ ಇಸ್ತ್ರಿ ಹಾಕುವಾಗಲೂ ಅದೇ ತಲೆ ಕೊರೆಯಿತು. ಡಾಕ್ಟರ್ ಈಪ್ಪನ್ ಐದು ವರ್ಷದಿಂದ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದಾರೆ: ಪಾರ್ಕಿನ್ಸನ್ ಕಾಯಿಲೆಯನ್ನು ಕೈ ನಡುಗುವ ಮೊದಲೇ ಮಿದುಳಿನ ಚಿತ್ರದಲ್ಲಿ ಹಿಡಿಯಬಹುದೇ? ನಡುಮಿದುಳಿನ ಒಂದು ಮೂಲೆಯಲ್ಲಿ, ಆರೋಗ್ಯವಂತರಿಗೆ, ಕವಲೊಡೆದ ಹಕ್ಕಿಯ ಬಾಲದಂಥ ಪುಟ್ಟ ಗುರುತು ಇರುತ್ತದೆ. ಕಾಯಿಲೆ ಬಂದವರಲ್ಲಿ ಅದು ಅಳಿಸಿಹೋಗಿರುತ್ತದೆ. ಬಾಲ ಇದೆಯೋ ಇಲ್ಲವೋ, ಅಷ್ಟೇ ನೋಡಬೇಕಾದದ್ದು. ಅದಕ್ಕಾಗಿ ಅರವತ್ತು ರೋಗಿಗಳು, ಹೋಲಿಸಿ ನೋಡಲು ಅರವತ್ತು ಆರೋಗ್ಯವಂತರು. ಆ ಆರೋಗ್ಯವಂತರು ಎಲ್ಲಿಂದ ಬರಬೇಕು? ರೋಗಿಯ ಜೊತೆ ಬಂದ ಹೆಂಡತಿಯನ್ನೋ ಗಂಡನನ್ನೋ ಮಲಗಿಸುವುದು ಅಲ್ಲಿನ ರೂಢಿ. ವಯಸ್ಸು ಹೆಚ್ಚುಕಡಿಮೆ ಒಂದೇ, ತಿನ್ನುವ ಅನ್ನ ಒಂದೇ, ಕುಡಿಯುವ ನೀರು ಒಂದೇ, ಹೇಗೂ ಹೊರಗೆ ಬೆಂಚಿನ ಮೇಲೆ ಕಾಯುತ್ತಾ ಕೂತಿರುತ್ತಾರೆ. ಹೆಸರು ತೆಗೆದು, ಮುಖ ಅಳಿಸಿ, ಬರೀ ಸಂಖ್ಯೆ ಅಂಟಿಸಿದ ಚಿತ್ರಗಳನ್ನು ಡಾಕ್ಟರ್ ಒಂದೊಂದಾಗಿ ನೋಡಿ ಗುರುತು ಹಾಕಿದ್ದರು. ಶನಿವಾರ ಎಲ್ಲರೆದುರು ಸಂಖ್ಯೆಗಳ ಪಟ್ಟಿ ಬಿಚ್ಚಿದರು. ಐವತ್ತೊಂಬತ್ತು ಜೋಡಿಗಳಲ್ಲಿ ಒಂದೂ ತಪ್ಪಿರಲಿಲ್ಲ. ಐವತ್ತೆಂಟನೆಯ ಜೋಡಿಯಲ್ಲಿ ಮಾತ್ರ ರೋಗಿಯ ಚಿತ್ರದಲ್ಲಿ ಬಾಲ ಸೊಗಸಾಗಿತ್ತು, ಅವನ ಹೆಂಡತಿಯ ಚಿತ್ರದಲ್ಲಿ ಬಾಲವೇ ಇರಲಿಲ್ಲ.

"ಜಲಜಾ, ಮತ್ತೆಯಾ?" ಎಂದರು ಈಪ್ಪನ್ ಸಾರ್. ಕೋಣೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೂರು ವರ್ಷದ ಹಿಂದೆ ಒಂದೇ ದಿನ ಬಂದ ಇಬ್ಬರು ವಸಂತಕುಮಾರಿಯರ ಚಿತ್ರಗಳನ್ನು ಅವಳು ಅದಲುಬದಲು ಮಾಡಿದ್ದಳು. ಅರ್ಧ ಗಂಟೆಯಲ್ಲಿ ಸರಿಮಾಡಿಯೂ ಇದ್ದಳು. ಆದರೆ ಅವತ್ತಿನಿಂದ ಅವಳ ಬೆನ್ನ ಹಿಂದಿನ ಹೆಸರು 'ಅದಲುಬದಲು ಜಲಜ'. ಈಗ ಎಲ್ಲರೂ ಅವಳತ್ತ ತಿರುಗಿದ್ದರು, ಫ್ಯಾನು ತಿರುಗುತ್ತಿತ್ತು, ಟೀ ಆರುತ್ತಿತ್ತು. ಅವಳಿಗೆ ಎಂದೋ ನೆಯ್ಯಾಟಿನ್‌ಕರೆಯ ಕಾನ್ವೆಂಟಿನಲ್ಲಿ ಸಿಸ್ಟರು ಇಡೀ ತರಗತಿಯನ್ನು ಮಂಡಿಯೂರಿಸಿದ ಮಧ್ಯಾಹ್ನ ಬರೀ ನೆನಪಾಗಲಿಲ್ಲ, ಮಂಡಿಯೇ ಮತ್ತೆ ಉರಿಯತೊಡಗಿತು. ಗಾಜಿನ ಮೇರಿಯಮ್ಮನ ಬೊಂಬೆ ಒಡೆದವರು ಎದ್ದು ನಿಲ್ಲುವ ತನಕ ಯಾರೂ ಏಳುವ ಹಾಗಿಲ್ಲ. ಮುಕ್ಕಾಲು ಗಂಟೆಯ ಮೇಲೆ ಜಲಜ ಎದ್ದು ನಿಂತಿದ್ದಳು. ಅವಳು ಆ ಬೊಂಬೆಯ ಹತ್ತಿರವೂ ಸುಳಿದಿರಲಿಲ್ಲ. ಆದರೆ ಎದ್ದು ನಿಂತ ಕೂಡಲೇ ನಲವತ್ತು ಹುಡುಗಿಯರು ಒಟ್ಟಿಗೆ ಉಸಿರುಬಿಟ್ಟದ್ದು ಅವಳ ಕಿವಿಗೆ ಬಿತ್ತು, ಅಷ್ಟು ಹಿತವಾದ ಸದ್ದನ್ನು ಅವಳು ಆಮೇಲೆಂದೂ ಕೇಳಲಿಲ್ಲ. ಒಡೆದವಳು ಯಾರೆಂದು ಕೊನೆಗೂ ತಿಳಿಯಲಿಲ್ಲ. ಒಡೆದವಳೂ ಸೇರಿ ಎಲ್ಲರೂ ಆ ವರ್ಷವಿಡೀ ಅವಳ ಜೊತೆ ಊಟಕ್ಕೆ ಕೂರಲಿಲ್ಲ. "ಹೌದು ಸಾರ್, ಅದಲುಬದಲಾಗಿರಬೇಕು. ಗಂಡ ಹೆಂಡತಿ ಒಟ್ಟಿಗೇ ಬಂದಿದ್ರು" ಎಂದಳು ಜಲಜ. ಕೋಣೆ ಉಸಿರುಬಿಟ್ಟಿತು. ಈಪ್ಪನ್ ಸಾರ್ ಕೆಟ್ಟವರಲ್ಲ. ಅವರು ಎಲ್ಲರಿಗೂ ಕೇಳುವಂತೆ, "ನೋಡಿ, ತಪ್ಪು ಒಪ್ಪಿಕೊಳ್ಳೋದಕ್ಕೂ ಗುಂಡಿಗೆ ಬೇಕು" ಎಂದರು. ಅರವತ್ತಕ್ಕೆ ಅರವತ್ತೂ ಸರಿಹೋಯಿತು. ಗುರುವಾರ ಲೇಖನ ಕಳಿಸುವುದೆಂದಾಯಿತು. ಸಹಿ ಹಾಕುವಾಗ ಅವಳ ಕಣ್ಣಿಗೆ ಕಟ್ಟಿದ್ದು ಒಂದು ಮೂಗುತಿ.

ಅದು ಕಣ್ಣಿಗೆ ಕಟ್ಟಿದ್ದು ಸಹಿ ಹಾಕುವಾಗಲೋ, ಹಾಕಿದ ಮೇಲೋ? ಮೊದಲೋ? ಬಸ್ಸು ಪಟ್ಟಂನ ಇಳಿಜಾರಿನಲ್ಲಿ ನಿಂತು ನಿಂತು ಹೋಗುವಾಗ ಅವಳು ಇದನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ಮೊದಲೇ ನೆನಪಾಗಿದ್ದರೆ ಅವಳು ಸುಳ್ಳಿ, ಆಮೇಲೆ ನೆನಪಾಗಿದ್ದರೆ ಬರೀ ಪೆದ್ದಿ. ಪೆದ್ದಿಯಾಗಿರಲಿ ದೇವರೇ ಎಂದುಕೊಂಡಳು, ಆದರೆ ಮನಸ್ಸು ಒಪ್ಪಲಿಲ್ಲ. ಬಲರಾಮಪುರದ ನೇಕಾರ ಚೆಲ್ಲಪ್ಪನ್ ಮತ್ತು ಅವನ ಹೆಂಡತಿ ತಂಕಮ್ಮ ಬಂದ ದಿನ ಆರೋಗ್ಯವಂತರ ಪಟ್ಟಿಯಲ್ಲಿ ವಯಸ್ಸಾದ ಹೆಂಗಸರು ಕಡಿಮೆ ಬಿದ್ದಿದ್ದರು. ಈ ತಿಂಗಳೊಳಗೆ ಅರವತ್ತು ಆಗಲೇಬೇಕೆಂದು ಸಾರ್ ಪಟ್ಟು ಹಿಡಿದಿದ್ದರು. ಜಲಜಳೇ ಬೆಂಚಿನ ಹತ್ತಿರ ಹೋಗಿ, "ಅಮ್ಮಾ, ನೀವೂ ಒಂದು ಸಲ ಮಲಗಿಬಿಡಿ, ನಿಮಗೇನೂ ಇಲ್ಲ ಅಂತ ತೋರಿಸೋಕೆ ಅಷ್ಟೇ" ಎಂದಿದ್ದಳು. ತಂಕಮ್ಮನ ಎಡಮೂಗಿನಲ್ಲಿ ಚಿನ್ನದ ಮೂಗುತಿ, ಮದುವೆಯಲ್ಲಿ ಹಾಕಿದ್ದು, ತಿರುಪು ನಲವತ್ತು ವರ್ಷದಿಂದ ಬಿಚ್ಚಿಲ್ಲ. ಸೋಪಿನ ನೀರು ಹಾಕಿದರು, ಎಣ್ಣೆ ಹಾಕಿದರು, ಮೂಗು ಕೆಂಪಾಯಿತೇ ಹೊರತು ಅದು ಜಗ್ಗಲಿಲ್ಲ. ಮುಖದಲ್ಲಿ ಲೋಹ ಇರುವವರನ್ನು ಈ ಅಧ್ಯಯನಕ್ಕೆ ಸೇರಿಸುವಂತಿಲ್ಲ, ಚಿತ್ರದಲ್ಲಿ ಲೋಹದ ಸುತ್ತ ಕಪ್ಪು ಹರಡುತ್ತದೆ. ಚಿನ್ನ ಅಲ್ಲವೇ, ಆಯಸ್ಕಾಂತ ಎಳೆಯುವುದಿಲ್ಲ, ಮೂಗೆಲ್ಲಿ, ನಡುಮಿದುಳೆಲ್ಲಿ. ಜಲಜ ಮೂಗುತಿಯ ಮೇಲೆ ಬಿಳಿ ಪಟ್ಟಿ ಅಂಟಿಸಿ, 'ಲೋಹ ಇಲ್ಲ' ಎಂಬಲ್ಲಿ ಗುರುತು ಹಾಕಿಬಿಟ್ಟಳು. ಅವಳ ನಿಜವಾದ ತಪ್ಪು ಅದು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಗುಡ್ಡದ ಮೇಲಿನ ಆಸ್ಪತ್ರೆಯ ಕಟ್ಟಡ ತಲುಪಿದಾಗ ಫಸೀಲ ಆಗಲೇ ಬಂದು ಕಂಪ್ಯೂಟರಿನ ಮುಂದೆ ಪುಟ್ಟು ಕಡಲೆ ತಿನ್ನುತ್ತಿದ್ದಳು. ಯಂತ್ರದಿಂದ ಬಂದ ಚಿತ್ರಗಳ ಮುಖ ಅಳಿಸಿ ಜೋಡಿಸಿಡುವುದು ಅವಳ ಕೆಲಸ. ಮುಖ ಅಳಿಸುವುದೆಂದರೆ ಹಣೆಯಿಂದ ಗಲ್ಲದ ತನಕ ಕತ್ತರಿಸಿ ತೆಗೆಯುವುದು. ಉಳಿಯುವುದು ಮಿದುಳು ಮಾತ್ರ, ಅದು ಯಾರದ್ದೆಂದು ಹಡೆದ ತಾಯಿಗೂ ಗೊತ್ತಾಗುವುದಿಲ್ಲ.

"ಜಲಜ ಚೇಚಿ, ಇವತ್ತು ತಿಂಗಳ ಕೊನೆ ಮಂಗಳವಾರ. ಹಳೇ ಚಿತ್ರ ಅಳಿಸಿ ಯಂತ್ರದ ಹೊಟ್ಟೆ ಖಾಲಿ ಮಾಡಬೇಕು, ನೆನಪಿದೆಯಾ?"

"ಇದೆ."

"ಹನ್ನೆರಡರೊಳಗೆ ಮಾಡಿಬಿಡಿ. ಜಾಗವೇ ಇಲ್ಲ, ಹೊಸದು ಒಂದೂ ಹಿಡೀತಿಲ್ಲ." ಫಸೀಲ ತುತ್ತು ನುಂಗಿ ದನಿ ತಗ್ಗಿಸಿದಳು. "ಶನಿವಾರ ನಕ್ಕಿದ್ದು ನಾನಲ್ಲ ಚೇಚಿ. ನನ್ನಾಣೆ."

"ನಕ್ಕರೆ ಏನಂತೆ."

"ಏನಂತೆ ಅಂದ್ರೆ? ನಾನಾಗಿದ್ರೆ ಅತ್ತುಬಿಡ್ತಿದ್ದೆ. ನೀವು ನೋಡಿದ್ರೆ ಕಲ್ಲು ಹಾಗೆ ನಿಂತಿದ್ರಿ."

ಜಲಜಳಿಗೆ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಎಲ್ಲವನ್ನೂ ಹೇಳಿಬಿಡಬೇಕೆನ್ನಿಸಿತು. ಹೇಳುವುದಕ್ಕೆ ಬಾಯಿ ತೆರೆದರೆ, "ಪುಟ್ಟು ಮನೇಲಿ ಮಾಡಿದ್ದಾ?" ಎಂಬ ಮಾತು ಹೊರಬಂತು. "ಉಮ್ಮ ಮಾಡಿದ್ದು" ಎಂದು ಫಸೀಲ ತಾಯಿ ಕಟ್ಟಿಕೊಟ್ಟ ಡಬ್ಬಿ ಮುಂದೆ ಚಾಚಿದಳು. ಜಲಜ ಬೇಡವೆಂದು ತಲೆಯಾಡಿಸಿ ತನ್ನ ಕೋಣೆಗೆ ಹೋದಳು. ಮುಖ ಇರುವ ಮೂಲ ಚಿತ್ರಗಳು ಇರುವುದು ಯಂತ್ರದಲ್ಲಿ ಮಾತ್ರ. ಮೂಗುತಿಯ ಕಪ್ಪು ಯಾರ ಸಂಖ್ಯೆಯ ಚಿತ್ರದಲ್ಲಿದೆ ಎಂದು ನೋಡಿದರೆ ಅದಲುಬದಲಾಗಿದೆಯೋ ಇಲ್ಲವೋ ತಿಳಿದುಬಿಡುತ್ತದೆ. ಖಾಲಿ ಮಾಡಿದರೆ ಮುಗಿಯಿತು. ತಂಕಮ್ಮನ ಮೂಗೂ ಹೋಗುತ್ತದೆ, ಮೂಗುತಿಯೂ ಹೋಗುತ್ತದೆ. ಜಲಜಳ ತಪ್ಪು ಶನಿವಾರ ಒಪ್ಪಿಕೊಂಡದ್ದೊಂದೇ ಆಗಿ ಉಳಿಯುತ್ತದೆ. ಅದಕ್ಕೆ ಮಾಫಿಯೂ ಸಿಕ್ಕಿದೆ, ಮೆಚ್ಚುಗೆಯೂ ಸಿಕ್ಕಿದೆ. ಅವಳು ಅಳಿಸುವ ಗುಂಡಿಯ ಮೇಲೆ ಕೈಯಿಡದೆ, ಇಡಲಾರದೆ, ನೀರು ಕುಡಿಯುವ ನೆಪದಲ್ಲಿ ಹೊರಗೆ ಬಂದಳು. ಹೊರಗೆ ಬೆಂಚಿನ ಮೇಲೆ ಚೆಲ್ಲಪ್ಪನ್, ತಂಕಮ್ಮ ಕೂತಿದ್ದರು.

ಮಂಗಳವಾರ ಚೆಲ್ಲಪ್ಪನ್ ಡಾಕ್ಟರಿಗೆ ತೋರಿಸುವ ದಿನ ಎನ್ನುವುದು ಅವಳಿಗೆ ಮರೆತೇ ಹೋಗಿತ್ತು. ತಂಕಮ್ಮ ದೂರದಿಂದಲೇ ನಕ್ಕು, ಮಗಳನ್ನು ಕರೆಯುವಂತೆ ಕರೆದಳು. "ಮೋಳೇ, ಇಲ್ಲಿ ಬಾ. ನಿನ್ನನ್ನೇ ಕಾಯ್ತಾ ಇದ್ದೆ. ಕೂತ್ಕೋ, ಒಂದು ನಿಮಿಷ ಕೂತರೆ ನಿಮ್ಮ ಯಂತ್ರ ಓಡಿಹೋಗಲ್ಲ." ಬಾಳೆಎಲೆಯಲ್ಲಿ ಕಟ್ಟಿದ ಪೊಟ್ಟಣವೊಂದನ್ನು ಚೀಲದಿಂದ ತೆಗೆದು ಜಲಜಳ ತೊಡೆಯ ಮೇಲಿಟ್ಟಳು. "ಉಣ್ಣಿಯಪ್ಪಂ. ಬೆಳಿಗ್ಗೆ ಎದ್ದು ಕರಿದಿದ್ದು, ನಿನಗೋಸ್ಕರ. ಅವತ್ತು ನನ್ನ ಮೂಗಿಗೆ ಎಷ್ಟು ಒದ್ದಾಡಿದೆ ಪಾಪ." ಎಲೆ ಬಿಚ್ಚುತ್ತಲೇ ಕಮಟು ಎಣ್ಣೆಯ ವಾಸನೆ ಮುಖಕ್ಕೆ ರಾಚಿತು. ಜಲಜ ಚೆಲ್ಲಪ್ಪನ್‌ನ ಮುಖ ನೋಡಿದಳು. ಅವನು ನಡುಗುವ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಕಣ್ಣಿನಲ್ಲೇ ತಿನ್ನಬೇಡ ಎಂದು ಸನ್ನೆ ಮಾಡಿದ.

"ಎರಡು ವರ್ಷದಿಂದ ಇದೇ ಕಥೆ" ಎಂದ. "ಎಣ್ಣೆ ಕೆಟ್ಟಿದೆ ಅಂದ್ರೆ ಕೇಳಲ್ಲ. ಹೋದ ವಾರ ಮೀನು ಸಾರು ತಳ ಹಿಡಿದು ಇಡೀ ಬೀದಿಗೇ ಗೊತ್ತಾಯ್ತು, ಒಲೆ ಮುಂದೆ ಕೂತವಳಿಗೆ ಗೊತ್ತಾಗಲಿಲ್ಲ."

"ನಿಮ್ಮ ಮೂಗು ಮೂಗಲ್ಲ, ನಾಯಿಮೂಗು. ಜಗುಲೀಲಿ ಕೂತು ಪಕ್ಕದ ಮನೆ ಅಡುಗೆ ಹೇಳ್ತಾರೆ ಮೋಳೆ ಇವರು! ತಿನ್ನು, ತಿನ್ನು."

ಜಲಜ ಒಂದನ್ನು ಬಾಯಿಗೆ ಹಾಕಿಕೊಂಡಳು. ಅಗಿದಳು, ನುಂಗಿದಳು. ಈ ಕಾಯಿಲೆಯಲ್ಲಿ ಕೈಗಿಂತ ಮೊದಲು ಹೋಗುವುದು ಮೂಗು ಎಂದು ಈಪ್ಪನ್ ಸಾರ್ ಹೊಸಬರಿಗೆ ಪಾಠ ಮಾಡುವಾಗ ಅವಳು ಎಷ್ಟೋ ಸಲ ಕೇಳಿದ್ದಳು. ಕೈ ನಡುಗುವವನ ಮೂಗು ಪಕ್ಕದ ಮನೆಯ ತನಕ ಹೋಗುತ್ತಿದೆ, ಗಟ್ಟಿಮುಟ್ಟಾಗಿ ಕೂತವಳ ಮೂಗಿಗೆ ತನ್ನ ಎಣ್ಣೆಯೇ ತಿಳಿಯುತ್ತಿಲ್ಲ. ತಂಕಮ್ಮ ಬಲಗೈಯೊಂದರಲ್ಲೇ ಪೊಟ್ಟಣ ಮತ್ತೆ ಮಡಿಸಿದಳು. ಎಡಗೈ ಮಡಿಲಲ್ಲಿ ಬೇರೆ ಯಾರದ್ದೋ ವಸ್ತುವಿನಂತೆ ಸುಮ್ಮನೆ ಬಿದ್ದಿತ್ತು. ಅವತ್ತು ಕಾರಿಡಾರಿನಲ್ಲಿ ನಡೆದುಬರುವಾಗಲೂ ಆ ಕೈ ಬೀಸುತ್ತಿರಲಿಲ್ಲ. ಸುರಂಗದೊಳಗೆ ಹೋಗುವವರ ಕೈಗೆ ಜಲಜ ಒಂದು ರಬ್ಬರಿನ ಉಂಡೆ ಕೊಡುತ್ತಾಳೆ, ಭಯವಾದರೆ ಒತ್ತಿ, ತಕ್ಷಣ ಬರುತ್ತೇನೆ ಎಂದು. ಹೊಸ ಯಂತ್ರ ಬಂದ ವರ್ಷ ಪರೀಕ್ಷೆಗೆಂದು ಅವಳನ್ನೇ ಮಲಗಿಸಿದ್ದರು. ಉಸಿರು ಕಟ್ಟಿ ಅವಳು ಉಂಡೆ ಒತ್ತಿದಳು, ಮತ್ತೆ ಒತ್ತಿದಳು, ಜೊತೆಯವನು ಚಹಾ ಕುಡಿಯಲು ಹೋಗಿದ್ದ, ಇಪ್ಪತ್ತು ನಿಮಿಷ ಯಾರೂ ಬರಲಿಲ್ಲ. ಆ ಇಪ್ಪತ್ತು ನಿಮಿಷದಿಂದ ತಾನು ಇನ್ನೂ ಹೊರಗೆ ಬಂದಿಲ್ಲ ಎಂದು ಅವಳಿಗೆ ಕೆಲವು ಸಂಜೆ ಅನ್ನಿಸುವುದುಂಟು. ತಂಕಮ್ಮ ಮಾತ್ರ ನಲವತ್ತು ನಿಮಿಷ ಮಲಗಿ ಎದ್ದು, ಉಂಡೆ ಹಿಂದಕ್ಕೆ ಕೊಡುತ್ತಾ, "ಇದನ್ನ ಯಾಕೆ ಕೊಟ್ಟೆ ಮೋಳೆ, ಆಟ ಆಡೋಕಾ?" ಎಂದು ಕೇಳಿದ್ದಳು.

"ಇವರ ಮಾತ್ರೆ ಹೊತ್ತಾಯ್ತು" ಎಂದು ತಂಕಮ್ಮ ಹಳೆಯ ಬಿಸ್ಕತ್ತಿನ ಡಬ್ಬಿ ತೆಗೆದಳು. ನೂಲು ಸುತ್ತುವ ಹೆಂಗಸಿನ ಅಚ್ಚುಕಟ್ಟು. ಬೆಳಗಿನದು, ಮಧ್ಯಾಹ್ನದ್ದು ಎಂದು ಬೇರೆ ಬೇರೆ ಬಣ್ಣದ ದಾರ ಕಟ್ಟಿದ್ದಳು. "ಇವು ಇಲ್ಲಿ ಡಾಕ್ಟರ್ ಕೊಟ್ಟಿದ್ದು. ಇದು ಮಾತ್ರ ನಮ್ಮೂರಿನ ಅಂಗಡಿಯದು, ತಲೆಸುತ್ತಿಗೆ. ನಡುಕ ಶುರುವಾಗೋಕೆ ಒಂದು ವರ್ಷ ಮೊದಲು ಇವರು ತಲೆ ಸುತ್ತಿ ಬಿದ್ದಿದ್ರು ನೋಡು, ಆಗಿಂದ ಕೊಡ್ತಿದೀನಿ. ಎಂಟು ವರ್ಷ, ಒಂದು ದಿನ ತಪ್ಪಿಸಿಲ್ಲ."

"ಡಾಕ್ಟರಿಗೆ ಹೇಳಿದೀರಾ ಇದನ್ನ?"

"ತಲೆಸುತ್ತಿನ ಮಾತ್ರೇನೂ ಹೇಳಬೇಕಾ? ಜ್ವರದ ಮಾತ್ರೆ ಥರ ಅಲ್ವಾ ಅದು?"

ಜಲಜ ಮಾತ್ರೆಯ ಹಾಳೆಯನ್ನು ತಿರುಗಿಸಿ ಹೆಸರು ಓದಿದಳು. ವರ್ಷಗಟ್ಟಲೆ ನುಂಗಿದರೆ ಪಾರ್ಕಿನ್ಸನ್‌ನಂಥದ್ದೇ ನಡುಕ ತರುವ ಮಾತ್ರೆಗಳ ಪಟ್ಟಿಯಲ್ಲಿ ಅದು ಎರಡನೆಯದು, ಸಾರ್‌ನ ಕೋಣೆಯ ಗೋಡೆಗೇ ಆ ಪಟ್ಟಿ ಅಂಟಿಸಿದೆ. ಅಂಥವರಲ್ಲಿ ಬಾಲ ಅಳಿಸಿರುವುದಿಲ್ಲ, ಮಾತ್ರೆ ನಿಲ್ಲಿಸಿದರೆ ನಡುಕವೂ ಇಳಿಯಬಹುದು. ಹಾಗಾದರೆ ಚೆಲ್ಲಪ್ಪನ್‌ಗೆ ಆ ಕಾಯಿಲೆಯೇ ಇಲ್ಲ. ಏಳು ವರ್ಷದಿಂದ ಮಗ್ಗ ಮುಟ್ಟದ ಈ ಮನುಷ್ಯ ಮತ್ತೆ ಮಗ್ಗದ ಗುಂಡಿಗೆ ಇಳಿಯಬಹುದು. ಮತ್ತು ಈ ಹೆಂಗಸು, ಈ ನಗುತ್ತಿರುವ ಹೆಂಗಸು. ಶನಿವಾರ ತಾನು ಸಹಿ ಹಾಕಿ ಅದಲುಬದಲು ಮಾಡಿದ್ದು ಎರಡು ಸಂಖ್ಯೆಗಳನ್ನಲ್ಲ ಎಂಬುದು ಅವಳಿಗೆ ಆ ಬೆಂಚಿನ ಮೇಲೆ, ಬಾಯಲ್ಲಿ ಕಮಟು ಎಣ್ಣೆಯ ರುಚಿ ಇಟ್ಟುಕೊಂಡು, ಮೊದಲ ಸಲ ಮೈಯೆಲ್ಲ ಅರಿವಾಯಿತು. ಇವನಿಗೆ ಬೇಡದ ಔಷಧಿ ಸಾಯುವ ತನಕ, ಅವಳಿಗೆ ಬೇಕಾದದ್ದು ಬೀಳುವ ತನಕ ಇಲ್ಲ. "ಈ ಮಾತ್ರೆ ಈಗ ಕೊಡಬೇಡಿ ಅಮ್ಮಾ. ಡಾಕ್ಟರ್ ನೋಡೋ ತನಕ" ಎಂದು ಹಾಳೆಯನ್ನು ಕೈಯಲ್ಲೇ ಹಿಡಿದು ಎದ್ದಳು. ಎದ್ದು ನಿಂತಾಗ ಯಾರೂ ಉಸಿರುಬಿಡಲಿಲ್ಲ. ಚೆಲ್ಲಪ್ಪನ್ ಮಾತ್ರ, "ತಿಂದಿದ್ದಕ್ಕೆ ನೀರು ಕುಡಿ ಮೋಳೆ" ಎಂದ.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಮೂಲ ಚಿತ್ರ ತೆರೆಯಲು ಎರಡು ನಿಮಿಷ ಬೇಕಾಯಿತು. ಆ ಎರಡು ನಿಮಿಷದಲ್ಲಿ ಅವಳು ಬೇಡಿಕೊಂಡದ್ದು ನೆನೆಸಿದರೆ ಅವಳಿಗೇ ನಾಚಿಕೆ: ಮೂಗುತಿ ಗಂಡನ ಸಂಖ್ಯೆಯ ಚಿತ್ರದಲ್ಲಿರಲಿ ಎಂದು, ಶನಿವಾರ ಹೇಳಿದ್ದೇ ನಿಜವಾಗಿಬಿಡಲಿ ಎಂದು. ಬೂದು ಬಣ್ಣದ ತಲೆ ಪರದೆಯ ಮೇಲೆ ನಿಧಾನಕ್ಕೆ ತಿರುಗಿ ಪಕ್ಕದ ನೋಟಕ್ಕೆ ನಿಂತಿತು. ಹಣೆ, ಮುಚ್ಚಿದ ಕಣ್ಣಿನ ಗುಂಡು, ಮೂಗು. ಎಡಮೂಗಿನ ಮೇಲೆ ನೆಲ್ಲಿಕಾಯಿಯಷ್ಟು ಕಪ್ಪು ತೂತು. ಮೇಲೆ ಸಂಖ್ಯೆ: ಹೆಂಡತಿಯದ್ದೇ. ಯಾವುದೂ ಅದಲುಬದಲಾಗಿರಲಿಲ್ಲ. ಅವಳು ಆ ದಿನ ತನ್ನ ಕೆಲಸವನ್ನು, ಒಂದು ಗುರುತು ಬಿಟ್ಟರೆ, ಒಂದೂ ತಪ್ಪಿಲ್ಲದೆ ಮಾಡಿದ್ದಳು. ಇಷ್ಟು ವರ್ಷ ಕಾದಿದ್ದ ಮಾತು ಇದು, ಯಾರಾದರೂ ಹೇಳಲಿ ಎಂದು. ಈಗ ಇದನ್ನು ತಾನೇ ಹೋಗಿ ಹೇಳಬೇಕು, ಹೇಳಿದರೆ ಮುಖಕ್ಕೆ ಉಗಿಸಿಕೊಳ್ಳಬೇಕು. ಫಸೀಲ ಬಾಗಿಲು ತಟ್ಟಿ, "ಚೇಚೀ, ಖಾಲಿ ಆಯ್ತಾ?" ಎಂದಳು. "ಇಲ್ಲ. ಇವತ್ತು ಖಾಲಿ ಮಾಡಲ್ಲ" ಎಂದಳು ಜಲಜ.

ಈಪ್ಪನ್ ಸಾರ್ ಪರದೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಕನ್ನಡಕ ತೆಗೆದರು, ಹಾಕಿದರು. ಜಲಜ ಅವರ ಹಿಂದೆ ನಿಂತು, ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿ, ಈಗ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನ ತುದಿ ಹಿಡಿದುಕೊಂಡಿದ್ದಳು.

"ಲೋಹ ಇಲ್ಲ ಅಂತ ಗುರುತು ಹಾಕಿದ್ದು ನೀನೇ."

"ನಾನೇ ಸಾರ್."

"ಶನಿವಾರ ಅದಲುಬದಲಾಗಿದೆ ಅಂತ ಬರ್ಕೊಟ್ಟಿದ್ದೂ ನೀನೇ."

"ಹೌದು."

"ಅವತ್ತು ಸುಳ್ಳು ಹೇಳಿದ್ಯೋ, ಇವತ್ತು ಹೇಳ್ತಿದ್ಯೋ, ನಾನು ಹೇಗೆ ನಂಬಲಿ ಜಲಜಾ? ಈ ಮೂಗು ಒಂದು ಇಲ್ಲದೇ ಇದ್ದಿದ್ರೆ ನಾನು ನಂಬ್ತಾನೂ ಇರಲಿಲ್ಲ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು, ಅದು ಹೆಚ್ಚು ನೋಯಿಸಿತು. "ಯಾಕೆ ಒಪ್ಕೊಂಡೆ? ಯಾರು ನಿನ್ನ ಕುತ್ತಿಗೆ ಹಿಡಿದಿದ್ರು?"

ಎಲ್ಲರೂ ಕಾಯುತ್ತಿದ್ದರು ಎಂದು ಹೇಳಬಹುದಿತ್ತು. ಎಲ್ಲರೂ ತನ್ನನ್ನೇ ನೋಡಿದ ಕ್ಷಣಗಳು ತನ್ನ ಬದುಕಿನಲ್ಲಿ ಬೆರಳೆಣಿಕೆಯಷ್ಟು ಎಂದು ಹೇಳಬಹುದಿತ್ತು. ಸಾರ್ ಮಾತ್ರೆಯ ಹಾಳೆ ಎತ್ತಿ ನೋಡಿ, ಅದರಿಂದಲೇ ಮೇಜಿನ ಅಂಚನ್ನು ಎರಡು ಸಲ ತಟ್ಟಿದರು. "ಏಳು ವರ್ಷದಿಂದ ಆ ಮನುಷ್ಯನ್ನ ನೋಡ್ತಿದ್ದೀನಿ. ಬೇರೆ ಏನು ತಗೋತೀರ ಅಂತ ಮೊದಲ ದಿನ ಕೇಳಿರಬೇಕು, ಆಮೇಲೆ ಕೇಳಿಲ್ಲ. ಶನಿವಾರ ಆ ಚಿತ್ರದಲ್ಲಿ ಬಾಲ ಕಂಡಾಗಲೂ ಕೇಳಬಹುದಿತ್ತು. ಅದಲುಬದಲು ಅನ್ನೋದು ನನಗೂ ಬೇಕಾಗಿತ್ತು ಅನ್ನಿಸುತ್ತೆ." ಆಮೇಲೆ ಮತ್ತೆ ಡಾಕ್ಟರ್ ಆದರು. ಮೂಗುತಿಯ ಕಾರಣಕ್ಕೆ ಐವತ್ತೆಂಟನೆಯ ಜೋಡಿಯನ್ನು ಕೈಬಿಡಬೇಕು. ಗುರುವಾರ ಲೇಖನ ಹೋಗುವುದಿಲ್ಲ. ಜಲಜ ನಾಳೆಯಿಂದ ಎಕ್ಸ್‌ರೇ ಕೋಣೆಗೆ, ಈ ಅಧ್ಯಯನದ ಹತ್ತಿರ ಬರಬಾರದು. ಜಲಜ ತಲೆಯಾಡಿಸಿದಳು. ಬಾಗಿಲ ತನಕ ಹೋಗಿ ನಿಂತು ಕೇಳಿದಳು: "ಅವರ ಹೆಂಡತಿಗೆ, ಸಾರ್?"

"ಫಾರಂನಲ್ಲಿ ಏನಿದೆ? ಆರೋಗ್ಯವಂತರಿಗೆ ಫಲಿತಾಂಶ ಹೇಳೋದಿಲ್ಲ ಅಂತ ಇದೆ."

"ಅವರು ಆರೋಗ್ಯವಂತರಲ್ಲವಲ್ಲ ಸಾರ್."

ಸಾರ್ ಅವಳನ್ನು ಮೊದಲ ಸಲ ನೋಡುವವರಂತೆ ನೋಡಿದರು. "ಒಂದು ಚಿತ್ರ ನೋಡಿ ಕಾಯಿಲೆ ಅನ್ನೋಕಾಗಲ್ಲ. ಮುಂದಿನ ಮಂಗಳವಾರ ನಾನೇ ಕೈ ಕಾಲು ಹಿಡಿದು ನೋಡ್ತೀನಿ. ಹೆದರಿಸಬೇಡ, ಬರೋಕೆ ಹೇಳು, ಅಷ್ಟೇ. ನೀನೇ ಹೇಳು. ಅವರನ್ನ ಬೆಂಚಿಂದ ಎಬ್ಬಿಸಿ ಕರ್ಕೊಂಡು ಬಂದಿದ್ದೂ ನೀನೇ ಅಲ್ವಾ?"

ಹನ್ನೆರಡೂವರೆಗೆ ದಂಪತಿಗಳು ಡಾಕ್ಟರ ಕೋಣೆಯಿಂದ ಹೊರಗೆ ಬಂದರು. ಜಲಜ ಮೆಟ್ಟಿಲ ಬಳಿ ಕಾಯುತ್ತಿದ್ದಳು. ತಂಕಮ್ಮನ ಮುಖದಲ್ಲಿ ನಗುವೂ ಅಳುವೂ ಕಲಸಿಹೋಗಿದ್ದವು. "ಮೋಳೇ, ಆ ಕಾಯಿಲೆ ಅಲ್ಲವೇ ಅಲ್ಲವಂತೆ ಇವರಿಗೆ! ಆ ಮಾತ್ರೆಯಿಂದ ಇರಬೇಕಂತೆ, ಬಿಟ್ಟರೆ ಆರು ತಿಂಗಳಲ್ಲಿ ಕಮ್ಮಿ ಆಗಬಹುದಂತೆ." ಅಷ್ಟು ಹೇಳಿ ಜಲಜಳ ತೋಳು ಹಿಡಿದಳು. "ಎಂಟು ವರ್ಷ ನಾನೇ ಕೊಟ್ಟೆ ಮೋಳೆ. ದಾರ ಕಟ್ಟಿ ಕಟ್ಟಿ ಕೊಟ್ಟೆ. ಇವರ ಕೈ ತೆಗೆದವಳು ನಾನೇ."

"ಎಡೀ, ಸಾಕು ಬಿಡು" ಎಂದ ಚೆಲ್ಲಪ್ಪನ್. ಅವನ ದನಿಯಲ್ಲಿ ಇದುವರೆಗೆ ಕೇಳಿರದ ಒಂದು ಹುಡುಗಾಟ ಇತ್ತು. "ಎಂಟು ವರ್ಷ ನೀನು ನನ್ನ ನೋಡ್ಕೊಂಡೆ. ಇನ್ನು ನಾನು ನಿನ್ನ ನೋಡ್ಕೋತೀ‌ನಿ, ಮಹಾರಾಣಿ ಥರ ಕೂತಿರು."

"ನನಗೇನು ಬಂದಿದೆ ನೋಡ್ಕೊಳ್ಳೋಕೆ? ಯಂತ್ರದಲ್ಲೇ ಮಲಗಿ ಪಾಸಾಗಿ ಬಂದವಳು ನಾನು. ಅಲ್ವಾ ಮೋಳೆ?"

ಏನೂ ಹೇಳದೆ ಇವರನ್ನು ಬಸ್ಸು ಹತ್ತಿಸಿಬಿಡಬಹುದು, ಈ ಒಂದು ಮಧ್ಯಾಹ್ನವಾದರೂ ಇವರದ್ದಾಗಿರಲಿ ಎನ್ನಿಸಿತು. ಆದರೆ ಸುಳ್ಳು ಎಷ್ಟು ಹಗುರವಾಗಿ ನಾಲಿಗೆಯ ತುದಿಗೆ ಬರುತ್ತದೆ ಎನ್ನುವುದು ಅವಳಿಗೆ ಈಗ ಚೆನ್ನಾಗಿ ಗೊತ್ತಿತ್ತು. "ಮುಂದಿನ ಮಂಗಳವಾರ ಬರಬೇಕು ಅಮ್ಮಾ" ಎಂದಳು.

"ಬರ್ತೀವಲ್ಲ. ಇವರಿಗೆ ತೋರಿಸೋಕೆ ಬರಲೇಬೇಕು. ನಾನು ಇವರ ಜೊತೆ ಬಂದೇ ಬರ್ತೀನಿ."

"ಅವರ ಜೊತೆ ನೀವು ಬರೋದಲ್ಲ ಅಮ್ಮಾ" ಎಂದಳು ಜಲಜ. "ನಿಮ್ಮ ಜೊತೆ ಅವರು ಬರಲಿ."

ತಂಕಮ್ಮ ನಗುತ್ತಲೇ ಇದ್ದಳು, ನಗು ಮುಖದಲ್ಲಿ ಹಾಗೇ ಇದ್ದು ಕಣ್ಣಿನಿಂದ ಮಾತ್ರ ಇಳಿದುಹೋಯಿತು. ಅವಳು ಜಲಜಳ ಮುಖ ನೋಡಿದಳು. ಆಮೇಲೆ ತನ್ನ ಎಡಗೈಯನ್ನು ನೋಡಿಕೊಂಡಳು, ಅದರಲ್ಲಿ ಚೀಲ ತೂಗುತ್ತಿತ್ತು. ಹೆದರಿಸಬೇಡ ಎಂದಿದ್ದರು ಸಾರ್. ಜಲಜ ಹೆದರಿಸಿರಲಿಲ್ಲ, ಸುಳ್ಳೂ ಹೇಳಿರಲಿಲ್ಲ. ಎರಡರ ನಡುವೆ ನಿಂತುಕೊಳ್ಳಲು ಇಷ್ಟು ಕಿರಿದಾದ ಜಾಗ ಇರುತ್ತದೆಂದು ಅವಳಿಗೆ ತಿಳಿದಿರಲಿಲ್ಲ. ಮೆಟ್ಟಿಲ ಮೇಲೆ ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು, ಯಾರೋ "ದಾರಿ ಬಿಡಿ" ಎಂದರು. ಮೂವರೂ ಗೋಡೆಗೆ ಒತ್ತಿ ನಿಂತರು.

"ಚೀಲ ಇಲ್ಲಿ ಕೊಡು" ಎಂದ ಚೆಲ್ಲಪ್ಪನ್. ಬಲಗೈ ಚಾಚಿದ, ಅದು ಎಂದಿನಂತೆ ನಡುಗುತ್ತಿತ್ತು. ಏಳು ವರ್ಷದಿಂದ ಅವನ ಕೈಗೆ ಒಂದು ಲೋಟವನ್ನೂ ಕೊಡದ ತಂಕಮ್ಮ ಒಂದು ಕ್ಷಣ ಹಿಂಜರಿದಳು, ಆಮೇಲೆ ಚೀಲವನ್ನು ಅವನಿಗೆ ಕೊಟ್ಟಳು.